ನೀಲವ್ವನ ಕೂಗಿಗೆ ತುಂಬಿದ ಸ್ಲ್ಯಾಬ್

ಬೀಳ್ಕೊಡುಗೆ ಅಂತ ಏನೂ ನಡೆಯಲಿಲ್ಲ. ಪಂಪು ಕೆಟ್ಟಿತು, ಸ್ಲ್ಯಾಬ್ ತುಂಬಿದೆವು, ಮನೆಗೆ ಬಂದೆ. ಅತ್ತೆಗೆ ಹಾರ ಹಾಕಿದರು, ಎಲ್ಲರೂ ಅತ್ತರು ಎಂದು ನನ್ನ ಸೊಸೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳು. ಅಳುವುದಕ್ಕೆ ಅಲ್ಲಿ ಯಾರಿಗೆ ಪುರುಸೊತ್ತಿತ್ತು?

ಅದು ಕಳೆದ ವರ್ಷದ ಬೇಸಿಗೆ. ಖಾರಘರದ ಗುಡ್ಡದ ಕೆಳಗೆ ಒಂದು ಟವರ್ ಏಳುತ್ತಿತ್ತು. ಅಲ್ಲಿ ದುಡಿಯುತ್ತಿದ್ದ ಹೆಂಗಸರ ಗುಂಪಿಗೆ ನಾನು ಮುಂದಾಳು. ಹೆಚ್ಚಿನವರು ನನ್ನ ಹಾಗೆ ಕಲಬುರಗಿ ಕಡೆಯವರು. ಮುಂದಾಳು ಎಂದರೆ ದೊಡ್ಡ ಹುದ್ದೆಯೇನಲ್ಲ. ಕಾಂಕ್ರೀಟ್ ಹೊರುವ ಕಬ್ಬಿಣದ ಬುಟ್ಟಿಗೆ ಇಲ್ಲಿ ಘಮೇಲಾ ಎನ್ನುತ್ತಾರೆ. ಅದು ಕೈಯಿಂದ ಕೈಗೆ ಮೇಲೇರುವಾಗ ಸಾಲಿನ ಬುಡದಲ್ಲಿ ನಿಂತು ಕೂಗು ಹಾಕುವವಳೇ ಮುಂದಾಳು. ಆ ಕೂಗಿಗೆ ಎಲ್ಲರ ಕೈ ಒಟ್ಟಿಗೆ ಏಳಬೇಕು. ತಾಳ ತಪ್ಪಿದರೆ ಘಮೇಲಾ ಯಾರದಾದರೂ ಕಾಲ ಮೇಲೆ.

ನನ್ನ ಮೊಣಕಾಲು ಇನ್ನು ಏಣಿ ಹತ್ತಲಾರೆ ಎಂದಿತು. ದಿವಾದ ನಮ್ಮ ಖೋಲಿಯಲ್ಲಿ ಸೊಸೆ ಜೋಳದ ರೊಟ್ಟಿ ಬಡಿಯುವುದು, ನಾನು ಸ್ಟೇಷನ್ ಹೊರಗೆ ಕೂತು ಮಾರುವುದು ಎಂದು ಮಾತಾಯಿತು. ಕೂಲಿಯವರನ್ನು ಒದಗಿಸುವ ಮುಕಾದಮ ಬಸಣ್ಣನಿಗೆ ಹೇಳಿದೆ.

"ನಿನ್ನ ಜಾಗಕ್ಕ ಯಾರು, ಗಂಗವ್ವ?" ಎಂದ.

"ನೀಲವ್ವ."

"ಆಕಿದು ಬೆಕ್ಕಿನ ದನಿ. ಮಿಕ್ಸರ್ ಸಪ್ಪಳದಾಗ ಯಾರಿಗಿ ಕೇಳಸ್ತದ? ಈ ಸ್ಲ್ಯಾಬ್ ನೋಡ್ತೀನಿ. ಆಕಿ ಕೈಲಿ ಆಗಲಿಲ್ಲಂದ್ರ ಮುಂದಿನ ಟವರಿಗಿ ಬ್ಯಾರೆ ಗ್ಯಾಂಗ್ ತರ್ತೀನಿ."

ಬೇರೆ ಗ್ಯಾಂಗ್ ಬಂದರೆ ನಮ್ಮವರೆಲ್ಲ ಬೆಳಗಾದರೆ ನಾಲ್ಕು ದಾರಿ ಕೂಡುವ ನಾಕಾದಲ್ಲಿ ನಿಂತು ಕೂಲಿಗಾಗಿ ಯಾರ್‍ಯಾರದೋ ಮುಖ ನೋಡಬೇಕು. ವರ್ಷಗಟ್ಟಲೆ ನನ್ನ ಸಾಲಿನಲ್ಲಿ ನಿಂತ ನೀಲವ್ವ ಇದನ್ನು ಕೇಳಿಸಿಕೊಂಡು, ಘಮೇಲಾ ಎತ್ತಿಕೊಂಡು ಹೋದಳು.

ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಉಂಟು. ಕೆಲಸ ಬಿಡುವವಳು ತನ್ನ ಕೆಲಸದ ಸೀರೆಯನ್ನು ತಂದು ಕೊಡಬೇಕು. ಉಳಿದವರು ಅದನ್ನು ಹರಿದು ಸಿಂಬಿ ಮಾಡಿಕೊಳ್ಳುತ್ತಾರೆ. ಸಿಂಬಿ ಎಂದರೆ ಹೊರೆಯ ಕೆಳಗೆ ತಲೆಯ ಮೇಲಿಟ್ಟುಕೊಳ್ಳುವ ಬಟ್ಟೆಯ ಸುರುಳಿ. ಹಳೆಯ ನೂಲಿನ ಸೀರೆಯಷ್ಟು ಮೆತ್ತಗಿನ ಸಿಂಬಿ ಮತ್ತೊಂದಿಲ್ಲ. ಸೀರೆ ಹರಿದ ಮೇಲೆ ಆಕೆ ಆ ಸೈಟಿನಲ್ಲಿ ತಲೆಯ ಮೇಲೆ ಹೊರೆ ಇಡಬಾರದು. ಇಟ್ಟರೆ ಕೇಡು. ನಿಜ ಹೇಳಬೇಕೆಂದರೆ, ಬಿಡುತ್ತೇನೆ ಎಂದು ಊಟ ಮಾಡಿಸಿಕೊಂಡು ಎರಡೇ ದಿನಕ್ಕೆ ವಾಪಸು ಬರುವವರನ್ನು ತಡೆಯಲು ಯಾರೋ ಜಾಣೆ ಮಾಡಿದ ಕಟ್ಟು ಇದು.

ಸೀರೆ ಹರಿಯುವುದು ಸಂಜೆಗೆ. ನನ್ನ ಕೊನೆಯ ದಿನವೇ ಸ್ಲ್ಯಾಬ್ ತುಂಬುವುದಿತ್ತು; ಸ್ಲ್ಯಾಬಿನ ದಿನ ಸಂಜೆ ಯಾರಿಗೂ ಕೈ ಎತ್ತಲೂ ಆಗುವುದಿಲ್ಲ ಎಂದು ಅವತ್ತು ಬೆಳಿಗ್ಗೆಯೇ ಹರಿದರು. ಅದೇ ನಾವು ಮಾಡಿದ ತಪ್ಪು. ಪರ್ ಎಂದು ಹರಿಯುವಾಗ ಎಲ್ಲರಿಗೂ ನಗು. ನಾನು ಇಳಕಲ್ ಸೀರೆ ಉಟ್ಟು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ. ಮಾಲೀಕರ ಕಡೆಯಿಂದ ಚಿಕನ್ ಅನ್ನ, ಶೀರಾ ಬರುವುದಿತ್ತು. ಉಂಡು ಹೋಗುವುದಷ್ಟೇ ನನ್ನ ಕೆಲಸ.

ಅದು ಮೊದಲ ಮಹಡಿಯ ಸ್ಲ್ಯಾಬ್. ಕಾಂಕ್ರೀಟ್ ಪಂಪಿನ ಪೈಪಿನಲ್ಲಿ ಮೇಲೆ ಹೋಗುತ್ತಿತ್ತು. ಪೈಪು ಮುಟ್ಟದ ಮೂಲೆಗಳಿಗೆ ಮಾತ್ರ ಹೆಂಗಸರು ಹೊರಬೇಕು. ಪಂಪು ಇದೆಯಲ್ಲ ಎಂದು ಬಸಣ್ಣ ಅರ್ಧ ಗುಂಪನ್ನು ಕಳಂಬೋಲಿಯ ಇನ್ನೊಂದು ಕೆಲಸಕ್ಕೆ ಕಳಿಸಿದ್ದ. ಇನ್ನೇನು ಮೆಟ್ಟಿಲುಗಳ ಪಕ್ಕದ ಒಂದು ಪಟ್ಟಿ ಉಳಿದಿತ್ತು. ಆಗ ಪೈಪು ಒಮ್ಮೆ ಒದರಿ ನಿಂತುಬಿಟ್ಟಿತು.

ಇಂಜಿನಿಯರ್ ಉಡುಪಿ ಕಡೆಯ ಹುಡುಗ, ಒಳ್ಳೆಯವನು. ಓಡಿ ಬಂದ. "ಪೈಪ್ ಜಾಮ್ ಆಯ್ತು ಮಾರಾಯ್ರೆ! ಬಿಚ್ಚಿ ತೊಳೆಯುವಷ್ಟರಲ್ಲಿ ಮೇಲಿನದ್ದು ಗಟ್ಟಿ ಆಗ್ತದೆ. ಕೋಲ್ಡ್ ಜಾಯಿಂಟ್ ಆದ್ರೆ ಮುಗೀತು."

ಹಳೆಯ ಕಾಂಕ್ರೀಟ್ ಬಿಗಿದ ಮೇಲೆ ಹೊಸದನ್ನು ಸುರಿದರೆ ಎರಡೂ ಬೆಸೆಯುವುದಿಲ್ಲ. ಅದೇ ಕೋಲ್ಡ್ ಜಾಯಿಂಟ್. ಆ ಗೆರೆಯಲ್ಲಿ ಜನ್ಮಪೂರ್ತಿ ನೀರು ಸೋರುತ್ತದೆ. ಒಡೆದು ಮತ್ತೆ ತುಂಬಿದರೂ ತುಂಬಬೇಕಾದೀತು. ಬಸಣ್ಣ ಇಂಜಿನಿಯರನ ಮುಖ ನೋಡಲಿಲ್ಲ, ನೀಲವ್ವನ ಮುಖ ನೋಡಿದ.

ನೀಲವ್ವ ಸೆರಗು ಸಿಕ್ಕಿಸಿದಳು. "ಪತ್ರಾದ ಮ್ಯಾಲ ಗಾಡಿ ಖಾಲಿ ಮಾಡ್ರಿ! ಸಾಲ್ ಹಿಡೀರಿ!"

ಮಿಕ್ಸರ್ ಟ್ರಕ್ಕಿನ ಮಾಲು ತಗಡಿನ ಮೇಲೆ ಬಿತ್ತು. ಹಲಗೆಯ ದಾರಿಯುದ್ದಕ್ಕೂ ಹೆಂಗಸರು, ಗಂಡಸರು ನಿಂತರು. ಆದರೂ ದಾರಿ ತಿರುಗುವ ಕಡೆ ಒಬ್ಬರ ಜಾಗ ಖಾಲಿ. ಅಷ್ಟು ದೂರ ಕೈ ಚಾಚಿದರೆ ಘಮೇಲಾ ಬೀಳುವುದು ಖಂಡಿತ. ನಾನು ಕುರ್ಚಿಯಿಂದ ಎದ್ದೆ.

ಡೊಂಬಿವಿಲಿಯಿಂದ ಬರುವ ಸುಮನ್ ಕೂಗಿದಳು: "ಗಂಗಾಬಾಯಿ, ನಕೋ, ಬೇಡ! ಸೀರೆ ಹರಿದಾಯ್ತು! ಅಪಶಕುನ!"

"ತಲಿ ಮ್ಯಾಲ ಹೊರಬಾರದು ಅಂತದ," ಎಂದಳು ನೀಲವ್ವ. "ಕೈಯಾಗ ಕೊಡಬಾರದು ಅಂತ ಯಾರು ಹೇಳ್ಯಾರ? ಯಕ್ಕಾ, ತಿರುವಿನ್ಯಾಗ ನಿಂದ್ರು!"

ಇಳಕಲ್ ಸೀರೆಗೆ ಕಚ್ಚೆ ಹಾಕಿ ನಿಂತೆ. ಮೊದಲ ಘಮೇಲಾ ಕೈಗೆ ಬಂದದ್ದೇ ತಡ, ರೂಢಿಯಂತೆ ನನ್ನ ಬಾಯಿ ತೆರೆಯಿತು. "ಹೋಯ್, ಹಿಡೀ!" ಎಂದೆ. ಮೇಲಿನವರು ನನ್ನ ತಾಳಕ್ಕೆ ಕೈ ಎತ್ತಿದರು, ಕೆಳಗಿನವರು ನೀಲವ್ವನ ತಾಳಕ್ಕೆ. ಒಂದು ಘಮೇಲಾ ಉರುಳಿ ಗಂಡಾಳೊಬ್ಬನ ಬೂಟಿನ ಪಕ್ಕ ಬಿತ್ತು.

"ಯಕ್ಕಾ, ಬಾಯಿ ಮುಚ್ಚು!" ನೀಲವ್ವ ಚೀರಿದಳು. "ಇವತ್ತು ಕೂಗು ನಂದದ!"

ಅಷ್ಟು ವರ್ಷದಲ್ಲಿ ಒಮ್ಮೆಯೂ ಆಕೆ ನನ್ನೆದುರು ದನಿ ಎತ್ತಿದವಳಲ್ಲ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಯಿ ಮುಚ್ಚಿದೆ.

"ಪೂರ್ತಿ ತುಂಬಬ್ಯಾಡ್ರಿ! ಅರ್ಧ, ಅರ್ಧ! ಹಿಡಿ, ಕೊಡು! ಹಿಡಿ, ಕೊಡು!"

ಅರ್ಧ ತುಂಬಿದ ಘಮೇಲಾ! ನನ್ನ ಕಾಲದಲ್ಲಿ ಅರ್ಧ ತುಂಬಿದವಳಿಗೆ ನಾನು ಬೈಯುತ್ತಿದ್ದೆ. ಆದರೆ ಹಗುರವಾದ ಘಮೇಲಾ ಹಕ್ಕಿಯ ಹಾಗೆ ಹಾರಿತು. ಒಂದು ಕೈ ಬಿಡುವುದರೊಳಗೆ ಮತ್ತೊಂದು ಬರುತ್ತಿತ್ತು. ಆ ಬೆಕ್ಕಿನ ದನಿಯೋ, ಮಿಕ್ಸರಿನ ಗುಡುಗಿನೊಳಗೆ ಸೂಜಿಯಂತೆ ತೂರಿ ಮೇಲಿನ ಕೊನೆಯವಳಿಗೂ ಮುಟ್ಟಿತು. ನನ್ನ ದಪ್ಪ ದನಿ ಆ ಗುಡುಗಿನಲ್ಲೇ ಕರಗಿಹೋಗುತ್ತಿತ್ತು. ಹಿಡಿ, ಕೊಡು! ಮೈಯೆಲ್ಲ ಸಿಮೆಂಟ್ ನೀರು. ಯಾರೋ ಸಿಳ್ಳೆ ಹೊಡೆದರು. ಸುಮನ್ "ಚಲಾ, ಚಲಾ!" ಎಂದಳು. ಮೊಣಕಾಲು ಇದೆ ಎಂಬುದೇ ನನಗೆ ಮರೆತುಹೋಯಿತು. ಇಷ್ಟು ಖುಷಿಯಿಂದ ನಾನು ಯಾವ ಸ್ಲ್ಯಾಬನ್ನೂ ತುಂಬಿರಲಿಲ್ಲ. ತಾಳ ಕಾಯುವ ಚಿಂತೆ ನನ್ನದಲ್ಲವಲ್ಲ!

ಮೇಲೆ ಇಂಜಿನಿಯರ್ ಹಳೆಯ ಅಂಚಿಗೆ ಸಲಾಕೆ ಚುಚ್ಚಿ ಚುಚ್ಚಿ ನೋಡುತ್ತಿದ್ದ. "ಇನ್ನೂ ಇಳೀತದೆ! ಬೇಗ, ಬೇಗ!" ಎನ್ನುತ್ತಿದ್ದ. ಹೊಸ ಮಾಲೂ ಹಳೆಯದೂ ಬೆರೆಯುವಂತೆ ಅಲುಗಿಸುವ ವೈಬ್ರೇಟರ್ ಇಳಿಸಿದ. ಗೆರೆ ಕಲಸಿಹೋಯಿತು. "ಸೇರ್‍ತು! ಸೇರ್‍ತು ಮಾರಾಯ್ರೆ!" ಎಂದು ಹೆಲ್ಮೆಟ್ ತೆಗೆದು ಮೇಲಕ್ಕೆ ಎಸೆದ. ಅದು ಹಸಿ ಕಾಂಕ್ರೀಟಿನ ಮೇಲೇ ಬಿತ್ತು. ಎಲ್ಲರೂ ಹೋ ಎಂದರು.

ಬಸಣ್ಣ ನೀಲವ್ವನ ಹತ್ತಿರ ಬಂದು ಕೆಮ್ಮಿದ. "ಮುಂದಿನ ಟವರಿಗಿ ಮಂದಿ ಕಡಿಮಿ ಬೀಳಬಾರದು, ನೋಡು."

"ನೀ ಕಳಂಬೋಲಿಗಿ ಕಳಸಬ್ಯಾಡ, ಬೀಳಂಗಿಲ್ಲ," ಎಂದಳು.

ಅನ್ನ ತಣ್ಣಗಾಗಿತ್ತು. ತೋಳು ಸೋತು ಯಾರಿಗೂ ತುತ್ತು ಸರಿಯಾಗಿ ಬಾಯಿಗೆ ಹೋಗುತ್ತಿರಲಿಲ್ಲ, ಅದಕ್ಕೂ ನಕ್ಕೆವು. ಹೊರಡುವಾಗ ನೀಲವ್ವ ಗೇಟಿನ ತನಕ ಬಂದಳು. ನನ್ನ ಸೀರೆಯ ಒಂದು ಪಟ್ಟಿಯನ್ನು ನನ್ನ ಕೈಗೆ ತುರುಕಿದಳು.

"ಒಂದು ಉಳೀತು. ಈ ಸೈಟಿನ್ಯಾಗ ಹೊರಬ್ಯಾಡ. ಬ್ಯಾರೆ ಕಡಿ ನಿನ್ನ ಖುಷಿ."

"ಬಾಯಿ ಮುಚ್ಚು ಅಂದ್ಯಲ್ಲ, ನೀಲಿ."

"ಮುಚ್ಚದಿದ್ರ ಮತ್ತೂ ಅಂತಿದ್ದೆ."

ಆಕೆ ತಿರುಗಿ ಒಳಗೆ ಹೋದಳು, ನಾನು ರಿಕ್ಷಾ ಹಿಡಿದೆ.

ಕೆಲಸ ನನಗೆ ಕಲಿಸಿದ್ದು ಬಹಳ. ಕೊನೆಯ ದಿನ ಕಲಿಸಿದ್ದು ಇದು: ಜಾಗ ಬಿಡುವವರು ಕೂಗನ್ನೂ ಬಿಡಬೇಕು. ಜಾಗ ಬಿಟ್ಟು ಕೂಗು ಇಟ್ಟುಕೊಂಡರೆ ಯಾರದಾದರೂ ಕಾಲು ಮುರಿಯುತ್ತದೆ.

ಮರುದಿನ ಬೆಳಿಗ್ಗೆ ಹಳೆಯ ಹೊತ್ತಿಗೇ ಎಚ್ಚರವಾಯಿತು. ಮೈ ಎಲ್ಲ ಸಿಡಿಯುತ್ತಿತ್ತು. ಮೊಮ್ಮಗಳು ಚಾದರದೊಳಗಿಂದಲೇ, "ದಾದಿ, ಆಜ್ ತೋ ಛುಟ್ಟಿ ಹೈ ನಾ?" ಎಂದಳು, ಅಜ್ಜಿಗೆ ಇವತ್ತಾದರೂ ರಜೆ ಅಲ್ಲವಾ ಎಂದು.

"ಛುಟ್ಟಿ ಸತ್ತ ಮ್ಯಾಲ," ಎಂದೆ. ಸೊಸೆ ಬಡಿದಿಟ್ಟ ರೊಟ್ಟಿಗಳನ್ನು ಬುಟ್ಟಿಯಲ್ಲಿ ಜೋಡಿಸಿ ಬಟ್ಟೆ ಮುಚ್ಚಿದೆ. ನೀಲವ್ವ ಕೊಟ್ಟ ಪಟ್ಟಿಯನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟೆ. ಅದರ ಮೇಲೆ ಬುಟ್ಟಿ ಇಟ್ಟುಕೊಂಡು ದಿವಾ ಸ್ಟೇಷನ್ ಕಡೆ ನಡೆದೆ. ಓಣಿ ದಾಟುವ ಮೊದಲೇ ಕೂಗಿದೆ: "ಬಿಸಿ ರೊಟ್ಟೀ!"