ಅಂಗಾಲು ತಟ್ಟುತ್ತಿದ್ದ ಸಿಸ್ಟರ್

ಮಡಿಕೇರಿಯ ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಇಡುವ ವಾರ್ಡಿನ ಸಿಸ್ಟರ್ ಅವರು. ಅಂಥ ಮಕ್ಕಳು ಕೆಲವೊಮ್ಮೆ ಉಸಿರಾಡುವುದನ್ನೇ ಮರೆತುಬಿಡುತ್ತವೆ. ಉಸಿರು ಕಾಯುವ ಮೆಷಿನ್ ಕೂಗಿದೊಡನೆ ಇವರು ಹೋಗಿ ಪುಟ್ಟ ಅಂಗಾಲನ್ನು ಬೆರಳಿನಿಂದ ತಟ್ಟುವರು. ಮಗು ನೆನಪಾದಂತೆ ಉಸಿರೆಳೆಯುವುದು.

ಹೊರಗೆ ಬರಿಗಾಲಲ್ಲಿ ಕೂತ ಅಪ್ಪಂದಿರಾದ ನಮಗೂ ಅದೇ ಮದ್ದು. ನೋಡಲು ಬಂದವರೆಲ್ಲ ನಮ್ಮನ್ನು ತಾಯಿ ಹೇಗಿದ್ದಾಳೆ, ಮಗು ಹೇಗಿದೆ ಎಂದು ಕೇಳುತ್ತಿದ್ದರು. ಇವರೊಬ್ಬರೇ ಬಗ್ಗಿ ನಮ್ಮ ಪಾದ ತಟ್ಟಿ, "ಉಸಿರು ತಗೊಳ್ಳಿ, ಮರ್ತಿದ್ದೀರ!" ಎನ್ನುತ್ತಿದ್ದರು. ನಾವು ಮುಜುಗರದಿಂದ ಕಾಲೆಳೆದುಕೊಂಡರೆ, "ನಮಸ್ಕಾರ ಮಾಡ್ತಿಲ್ಲಪ್ಪ, ಟ್ರೀಟ್‌ಮೆಂಟ್ ಇದು!"

ನಾನು ದುಬಾರೆಯ ಮಾವುತ. ಕಿವಿಯ ಹಿಂದೆ ಕಾಲ್ಬೆರಳು ಒತ್ತಿ ಆನೆ ನಡೆಸುವವನು ಹನ್ನೆರಡು ದಿನ ಮಗಳನ್ನು ಮುಟ್ಟಲು ಹೆದರಿದ್ದೆ.

"ಆನೆ ಅಪ್ಪ, ಒಳಗ್ ಬನ್ನಿ. ಶರ್ಟ್ ಬಿಚ್ಚಿ. ಮೈ ಬಿಸಿ ಸಿಗೋಕೆ ಮಗೂನ ಎದೆ ಮೇಲೆ ಮಲಗಿಸ್ಬೇಕು."

"ನನ್ ಕೈ ಒರಟು ಸಿಸ್ಟರ್, ಬೇಡ."

"ನೀವು ಹೇಳಿದ್ರೆ ಆನೆ ಕೂರಲ್ವಾ? ಈಗ ನಾನ್ ಹೇಳ್ತಿದ್ದೀನಿ. ಕೂರಿ."

ಕೂತೆ. ಎದೆಯ ಮೇಲೆ ಮಗಳನ್ನು ಇಟ್ಟರು. ಆನೆಗೆ ತಿನ್ನಿಸುವ ರಾಗಿಮುದ್ದೆಗಿಂತ ಹಗುರ. ನಾನು ಅಲುಗಾಡಲಿಲ್ಲ. ಅಷ್ಟರಲ್ಲಿ ಮೆಷಿನ್ ಕೂಗಿತು.

ಸಿಸ್ಟರ್ ಗಾಬರಿಯಾಗಲಿಲ್ಲ. ಒಂದು ಕೈಯಿಂದ ಮಗಳ ಅಂಗಾಲು, ಇನ್ನೊಂದರಿಂದ ನನ್ನ ಪಾದ, ಎರಡನ್ನೂ ಒಟ್ಟಿಗೆ ತಟ್ಟಿದರು. ನಾವಿಬ್ಬರೂ ಒಟ್ಟಿಗೇ ಉಸಿರೆಳೆದೆವು.

ಅವರು ನನ್ನನ್ನೂ ಮಗಳನ್ನೂ ಒಮ್ಮೆ ನೋಡಿ ಹೇಳಿದರು: "ಥೇಟ್ ಅಪ್ಪನೇ!"