ಭೂತಗನ್ನಡಿಯ ಗಂಡ

ನಮ್ಮಕ್ಕನಿಗೆ ಬೀದಿಯವರು ಇಟ್ಟ ಹೆಸರು ಭೂತಗನ್ನಡಿ. ಇಸ್ತ್ರಿ ಅಂಗಡಿಯಲ್ಲಿ ಅವಳ ಕೆಲಸ. ಒಂದು ಅಂಗಿ ಮಡಚಿಡುವಷ್ಟರಲ್ಲಿ ಅವಳ ಬಾಯಲ್ಲಿ ಕಡ್ಡಿ ಗುಡ್ಡವಾಗಿರುತ್ತದೆ. ಪಕ್ಕದ ಮನೆಯವರು ಸೀನಿದರೆ ಸಾಕು, ಸಂಜೆಯ ಹೊತ್ತಿಗೆ ಅವರನ್ನು ಆಸ್ಪತ್ರೆಗೆ ಸೇರಿಸಿಬಿಟ್ಟಿರುತ್ತಾಳೆ.

ಶಾಲೆಯ ವ್ಯಾನ್ ಓಡಿಸುವ ಭಾವ ಇದಕ್ಕೆ ತದ್ವಿರುದ್ಧ. ಹಲ್ಲು ಕೀಳಿಸಿಕೊಂಡು ಬಂದ ದಿನ, ಕೆನ್ನೆ ಬನ್ನಿನಂತೆ ಊದಿದ್ದರೂ, "ಏನಿಲ್ಲ, ಸ್ವಲ್ಪ ಜುಮ್ ಅಂತು" ಅಂದ ಪುಣ್ಯಾತ್ಮ. ಇಬ್ಬರ ಮಾತನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ನಿಜ ಸಿಗುತ್ತದೆ ಅಂತ ನಾನು ರೇಗಿಸುತ್ತಿದ್ದೆ.

ಒಂದು ಮಧ್ಯಾಹ್ನ ಭಾವ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದರು. "ಏನಿಲ್ಲ, ಬ್ರೇಕ್ ಸ್ವಲ್ಪ ಹಿಡೀಲಿಲ್ಲ. ವ್ಯಾನು ಮರಳಿನ ಗುಡ್ಡೆಗೆ ತಾಗಿಸ್ದೆ. ಮಕ್ಕಳಿಗೇನೂ ಆಗಿಲ್ಲ. ಓನರ್ ಕೆಲಸದಿಂದ ತೆಗೆದ್ರು" ಎಂದು ಚಪ್ಪಲಿ ಬಿಟ್ಟರು. ಗಾಡಿ ಗುದ್ದಿದ ಡ್ರೈವರ್ ಕೈಗೆ ಮಕ್ಕಳನ್ನು ಇನ್ಯಾವ ಶಾಲೆ ಕೊಡುತ್ತದೆ? ಆ ಮಕ್ಕಳೆಂದರೆ ಭಾವನಿಗೆ ಪ್ರಾಣ.

ಮಾರನೇ ದಿನ ಅಕ್ಕ ಅವರನ್ನೂ ನನ್ನನ್ನೂ ಎಳೆದುಕೊಂಡು ಓನರ್ ಆಫೀಸಿಗೆ ಹೋದಳು. ಕುರ್ಚಿ ಹಿಡಿದು ನಿಂತವಳೇ ಶುರು ಮಾಡಿದಳು. ವ್ಯಾನು ಗಾಳಿಯಲ್ಲಿ ಹಾರಿತು, ಚಕ್ರದಿಂದ ಬೆಂಕಿ ಬಂತು, ಇವರು ಜೀವದ ಹಂಗು ತೊರೆದು ಸ್ಟೇರಿಂಗ್ ತಿರುಗಿಸಿದರು.

ಓನರ್ ನಕ್ಕರು. "ನಿಮ್ಮ ಯಜಮಾನ್ರೇ ಸ್ವಲ್ಪ ಹಿಡೀಲಿಲ್ಲ ಅಂದಿದ್ದಾರಲ್ಲಮ್ಮ. ಸ್ವಲ್ಪಕ್ಕೆಲ್ಲ ಯಾರಾದ್ರೂ ಗಾಡಿ ಗುದ್ದುತ್ತಾರಾ?"

ಅಕ್ಕ ಭಾವನ ಕಡೆ ತಿರುಗಿದಳು. ನನಗೆ ಪಿತ್ತ ನೆತ್ತಿಗೇರಿತು. "ಭಾವ, ನಿಮ್ಮ 'ಸ್ವಲ್ಪ'ಕ್ಕೆ ಬೆಂಕಿ ಬೀಳಲಿ. ಅದನ್ನ ಬಿಟ್ಟು ನಡೆದದ್ದನ್ನ ಹೇಳಿ" ಎಂದೆ.

ಭಾವ ನೆಲ ನೋಡುತ್ತಲೇ ಹೇಳಿದರು. "ಇಳಿಜಾರಲ್ಲಿ ಪೆಡಲ್ ನೆಲ ಮುಟ್ತು ಸಾರ್. ಗೇರ್ ಇಳಿಸ್ದೆ, ಹ್ಯಾಂಡ್‌ಬ್ರೇಕ್ ಎಳೆದೆ, ನಿಲ್ಲಲಿಲ್ಲ. ಕೆಳಗೆ ರೈಲ್ವೆ ಗೇಟ್ ಹಾಕಿದ್ರು. ರೈಲಿನ ಸದ್ದು ಕೇಳ್ತಿತ್ತು. ಹಿಂದೆ ಮಕ್ಕಳು ಹಾಡು ಹೇಳ್ತಾ ಇದ್ರು. ಎಡಕ್ಕೆ ಮರಳು ಕಾಣ್ತು, ತಿರುಗಿಸ್ದೆ. ನಿನ್ನೆಯಿಂದ ಕಣ್ಣು ಮುಚ್ಚಿದ್ರೆ ಆ ಹಾಡೇ ಕೇಳುತ್ತೆ. ಬ್ರೇಕ್ ನೋಡ್ಸಿ ಅಂತ ಹೋದ ವಾರವೇ ಹೇಳಿದ್ದೆ."

ಓನರ್ ಮುಖದಲ್ಲಿ ನಗು ಇರಲಿಲ್ಲ. "ಹೇಳಿದ್ರಿ. ಸ್ವಲ್ಪ ನೋಡ್ಸಿ ಅಂದ್ರಿ. ನಾನೂ ಸ್ವಲ್ಪ ಅಂತಲೇ ತಿಳ್ಕೊಂಡೆ. ನನ್ನ ಮೊಮ್ಮಗಳೂ ಅದೇ ವ್ಯಾನಲ್ಲಿ ಬರ್ತಾಳೆ" ಎಂದರು. ವ್ಯಾನಿನ ಕೀ ತೆಗೆದು ಭಾವನ ಮುಂದಿಟ್ಟರು. "ಗ್ಯಾರೇಜಿಗೆ ನೀವೇ ಹೋಗಿ. ಬ್ರೇಕ್ ಸರಿ ಇದೆ ಅಂತ ನೀವು ಹೇಳಿದ ಮೇಲೇ ಗಾಡಿ ಹೊರಡ್ಲಿ. ನೀವೇ ಓಡ್ಸಿ."

ಹೊರಗೆ ಬಂದಾಗ ಅಕ್ಕ ಕಾಂಪೌಂಡ್ ಗೋಡೆ ಹಿಡಿದು ನಿಂತುಬಿಟ್ಟಳು.

"ನಂಗ್ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನೀನು ದೊಡ್ಡದು ಮಾಡ್ತಿದ್ದೆ."

"ಇದನ್ನ ಇನ್ನೆಷ್ಟು ದೊಡ್ಡದು ಮಾಡ್ಲಿ ರೀ ನಾನು?" ಎಂದು ಅಕ್ಕ ನಡುಬೀದಿಯಲ್ಲೇ ಅತ್ತಳು.