ವಾಲಿದ ಮರದ ಪೊಟರೆ

ಏಣಿಯ ತುದಿಯಲ್ಲಿ ನಿಂತು ಮರದ ಪೊಟರೆಯೊಳಗೆ ಬಲು ಗಂಭೀರವಾಗಿ ಇಣುಕುತ್ತಿದ್ದಾಗ ನನ್ನ ಕನ್ನಡಕ ಜಾರಿ ಅದರೊಳಕ್ಕೇ ಬಿತ್ತು. ಅರಣ್ಯ ಕಚೇರಿಯಿಂದ ಪರಿಶೀಲನೆಗೆ ಬಂದವನು ನಾನು. ಈಗ ಪೊಟರೆ ಹಾಳಾಗಲಿ, ಏಣಿಯ ಮೆಟ್ಟಿಲೇ ಕಾಣದು.

“ಇಳೀರಿ ಭಾವ, ಆಮೇಲೆ ಅಕ್ಕನಿಗೆ ಉತ್ತರ ಹೇಳೋಳು ನಾನು,” ಎಂದಳು ಕೆಳಗೆ ಏಣಿ ಹಿಡಿದಿದ್ದ ನನ್ನ ಹೆಂಡತಿಯ ತಂಗಿ. ನಾನು ತಡಕಾಡುತ್ತ ಇಳಿದೆ. ಅವಳು ಮಂಡಿನೋವನ್ನು ಶಪಿಸುತ್ತ ಹತ್ತಿ, ಭುಜದವರೆಗೆ ಕೈ ತೂರಿಸಿ ತಡಕಿದಳು. ಸಿಕ್ಕಿದ್ದು ಕನ್ನಡಕ ಮಾತ್ರ. ಇಳಿದು ಬಂದು, ಹೆಗಲ ಮೇಲಿದ್ದ ದಿಂಬಿನ ಕವರಿನಿಂದ ಒರೆಸಿ ಕೊಟ್ಟಳು. ಮೂಗಿಗೇರಿಸಿದರೆ ಬಾವಲಿ ಹಿಕ್ಕೆಯ ಘಾಟು.

ಅವಳು ಕಾಡಂಚಿನ ಅತಿಥಿಗೃಹದ ಮೇಲ್ವಿಚಾರಕಿ. ಹೆಸರಿಗೆ ಮೇಲ್ವಿಚಾರಣೆ, ಹಾಸಿಗೆ ಹಾಸುವುದು, ಬಚ್ಚಲು ತಿಕ್ಕುವುದು, ಬಂದವರ ಮುಂದೆ ಹಲ್ಲು ಕಿರಿಯುವುದು ಎಲ್ಲ ಅವಳೇ. ಯಾರದೋ ಕೂದಲು ಅಂಟಿದ ಸೋಪಿನ ಚೂರು ಎತ್ತೆಸೆಯುತ್ತಲೇ ಅವಳ ಪ್ರಾಯ ಸವೆದಿತ್ತು. ಇರುವ ಪುಟ್ಟ ಮನೆಯೋ, ಈ ವಾಲಿದ ಮರದ ಬುಡದಲ್ಲಿ. ಗಾಳಿ ಬೀಸಿ ಮರ ನರಳಿದಾಗಲೆಲ್ಲ ಹಾಸಿಗೆಯನ್ನು ಬಾಗಿಲ ಬಳಿಗೆ ಎಳೆದುಕೊಳ್ಳುತ್ತಾಳೆ. ಇದನ್ನು ಕಡಿಸಿಕೊಡಿ ಎಂದು ವರ್ಷಗಳಿಂದ ಗೋಗರೆಯುತ್ತಿದ್ದಳು. ಬಾವಲಿ ಇರುವ ಮರ ಕಡಿಯುವಂತಿಲ್ಲ, ಪೊಟರೆ ಖಾಲಿಯಿದ್ದರೆ ಅಡ್ಡಿಯಿಲ್ಲ ಎಂಬುದು ನಮ್ಮ ಕಚೇರಿಯ ನಿಯಮ.

ಆ ಪೊಟರೆಯೂ ಒಂದು ಅತಿಥಿಗೃಹವೇ. ಮೊದಲು ಮರಕುಟಿಗ ತೂತು ಕೊರೆಯಿತು. ಮಳೆನೀರು ಇಳಿದು ಒಳಗೆಲ್ಲ ಕೊಳೆತು ಅಗಲವಾಯಿತು. ಗಿಳಿಗಳು ಸಂಸಾರ ಮಾಡಿ ಹೋದವು. ಆಮೇಲೆ ಬಂದವು ಈ ಸಣ್ಣ ಬಾವಲಿಗಳು. ಒಂದೇ ಕಡೆ ನೆಲೆ ನಿಲ್ಲುವ ಜಾತಿಯಲ್ಲ: ಕೆಲವು ದಿನ ಇಲ್ಲಿ, ಕೆಲವು ದಿನ ತೊರೆಯಾಚೆಯ ಎರಡು ಮುದಿಮರಗಳಲ್ಲಿ, ಮತ್ತೆ ಇಲ್ಲಿ. ಹೋದವು ಎಂದು ಅವಳು ಹೇಳಿ ಕಳಿಸಿದರೆ, ನಾನು ಸರ್ಕಾರಿ ವೇಗದಲ್ಲಿ ಬಂದು ತಲುಪುವಷ್ಟರಲ್ಲಿ ಅವು ಹಾಜರ್.

“ನಿಮ್ಮ ಕಚೇರಿಯವರಿಗಿಂತ ಇವೇ ವಾಸಿ, ನೀವು ಬಂದಾಗಲಾದ್ರೂ ಸೀಟಲ್ಲಿ ಇರ್ತವೆ,” ಎನ್ನುತ್ತಿದ್ದಳು.

ಈ ಸಲ ಮಾತ್ರ ನಿಜಕ್ಕೂ ಯಾರೂ ಇಲ್ಲ.

“ಅಂತೂ ಗೆದ್ದೆಯಲ್ಲಮ್ಮ! ಇನ್ನು ಕಾಲು ಚಾಚಿ ನಿದ್ದೆ ಮಾಡು,” ಎಂದೆ.

ಅವಳು ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತು ಮಂಡಿ ನೀವಿಕೊಂಡಳು. “ನಿಮಗೆ ಹೇಳಿ ಕಳಿಸಿದ ಮೇಲೆ ಗಾಳಿ ಬಂತು ಭಾವ. ತೊರೆಯಾಚೆ ಮರ ಎರಡೂ ಉರುಳಿಹೋದ್ವು. ಅವು ಎಲ್ಲಿ ತೊಗಟೆ ಸಂದಿ ಸೇರಿಕೊಂಡಿವೆಯೋ. ಬಂದ್ರೆ ಇಲ್ಲಿಗೇ ಬರಬೇಕು.”

ನನಗೆ ಹಳೆಯದೊಂದು ಸಂಗತಿ ನೆನಪಾಯಿತು. ಕಾಡು ನೋಡಲು ಹೋದ ಅತಿಥಿಗಳು ಹಿಂತಿರುಗಲಿಲ್ಲವೆಂದು ಒಮ್ಮೆ ಅವರ ಕೋಣೆಯನ್ನು ಇವಳು ಬೇರೆಯವರಿಗೆ ಕೊಟ್ಟಿದ್ದಳು. ಅವರು ಮಳೆಯಲ್ಲಿ ತೊಯ್ದು, ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಾಗ ತನ್ನ ಹಾಸಿಗೆ ಬಿಟ್ಟುಕೊಟ್ಟು ಅಡುಗೆಮನೆ ನೆಲದ ಮೇಲೆ ಮಲಗಿದಳು. ಅಂದಿನಿಂದ, ಹೋದವರು ಕೀಲಿ ಕೈಗಿಡುವವರೆಗೆ ಆ ಕೋಣೆ ಇನ್ನೊಬ್ಬರಿಗಿಲ್ಲ.

“ಮರ ನಿನ್ನ ತಲೆ ಮೇಲೆ ಬಿದ್ರೆ?”

“ಹಾಸಿಗೆ ಎಳೆಯೋದು ರೂಢಿಯಾಗಿದೆ ಬಿಡಿ.”

ನಾನು ಪೆನ್ನು ತೆಗೆದೆ. “ಕೊನೇ ಸಲ ಕೇಳ್ತೀನಮ್ಮ. ಪೊಟರೆ ಖಾಲಿ ಅಂತ ಬರೀಲೋ ಬೇಡವೋ?”

ದಿಂಬಿನ ಕವರು ಕೊಡವುತ್ತ ಅವಳೆಂದಳು: “ಹೊರಗೆ ಹೋಗಿದ್ದಾರೆ ಅಂತ ಬರೀರಿ.”